ವಾಲ್-ಓ-ಮಾಟ್ ರಿವ್ಯೂ: ಪರ್ಸೆಂಟೇಜ್ ನೋಡಿ ಮುಚ್ಚಿಬಿಡಬೇಡಿ

ಮೊದಲೇ ಹೇಳಿಬಿಡುತ್ತೇನೆ, ವಾಲ್-ಓ-ಮಾಟ್ ಅನ್ನುವ ಜರ್ಮನಿಯ ಈ ಚುನಾವಣಾ ಪ್ರಶ್ನಾವಳಿಗೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಟ್ ಆಯ್ತು ಅನ್ನೋದು ಕೆಳಗೆ ಬರುತ್ತದೆ, ಸ್ವಲ್ಪ ಉದ್ದದ ಕಥೆ ಅದು.

ಜರ್ಮನಿಯಲ್ಲಿ ಕೆಲಸ ಮಾಡುವ ನಮ್ಮವರು ಈ ಹೆಸರು ಕೇಳದೇ ಇರಲು ಸಾಧ್ಯವೇ ಇಲ್ಲ. ಚುನಾವಣೆಗೆ ಕೆಲವು ವಾರ ಇದೆ ಅನ್ನುವಾಗ ಆಫೀಸಿನ ಕ್ಯಾಂಟೀನಿನಲ್ಲಿ ಯಾರೋ ಒಬ್ಬರು ಫೋನ್ ತೆಗೆದು "ನಿನಗೆ ಯಾವ ಪಕ್ಷ ಬಂತು?" ಅಂತ ಶುರು ಮಾಡುತ್ತಾರೆ, ಪಕ್ಕದವರು ಸ್ಕ್ರೀನ್ ಮುಚ್ಚಿಕೊಳ್ಳುತ್ತಾರೆ, ಇನ್ನೊಬ್ಬರು "ಇದು ಸುಳ್ಳು, ನಾನು ಅವರಿಗೆ ಜನ್ಮದಲ್ಲಿ ಓಟು ಹಾಕಲ್ಲ" ಅಂತ ಜಗಳಕ್ಕೆ ನಿಲ್ಲುತ್ತಾರೆ. ವಾಲ್-ಓ-ಮಾಟ್ ಅಂದರೆ ಅಷ್ಟೇ. 38 ಹೇಳಿಕೆಗಳಿರುತ್ತವೆ. ಒಂದೊಂದಕ್ಕೂ ಒಪ್ಪುತ್ತೇನೆ, ಒಪ್ಪಲ್ಲ, ತಟಸ್ಥ ಅಂತ ಒತ್ತಬೇಕು, ಬೇಡವಾದರೆ ಬಿಟ್ಟು ಮುಂದೆ ಹೋಗಬಹುದು. ಕೊನೆಗೆ ಯಾವ ಪಕ್ಷ ನಿಮಗೆ ಎಷ್ಟು ಹತ್ತಿರ ಅಂತ ಪರ್ಸೆಂಟೇಜ್ ಲೆಕ್ಕದಲ್ಲಿ ತೋರಿಸುತ್ತದೆ. ದುಡ್ಡಿಲ್ಲ, ಲಾಗಿನ್ ಇಲ್ಲ, ನಡುನಡುವೆ ಕುಣಿಯುವ ಜಾಹೀರಾತಿಲ್ಲ. ಸೈಟೂ ಇದೆ, ಆ್ಯಪ್ ಕೂಡ ಇದೆ. ಟೀ ಕುಡಿದು ಮುಗಿಸುವಷ್ಟರಲ್ಲಿ ಮುಗಿಯುತ್ತದೆ. ನಿಧಾನವಾಗಿ ಓದುವವರಿಗೆ ಎರಡು ಟೀ.

ಇದನ್ನು ನಡೆಸುವುದು ಸರ್ಕಾರದ್ದೇ ಒಂದು ಸಂಸ್ಥೆ. ಬಿಪಿಬಿ ಅಂತ ಕರೆಯುತ್ತಾರೆ, ರಾಜಕೀಯ ತಿಳಿವಳಿಕೆ ಕೊಡುವುದೇ ಅದರ ಕೆಲಸ, ಗೃಹ ಸಚಿವಾಲಯದ ಅಡಿಯಲ್ಲಿ ಬರುತ್ತದೆ. ಊರಿಗೆ ಫೋನ್ ಮಾಡಿದಾಗ ಅಣ್ಣನಿಗೆ ಇದನ್ನು ಹೇಳಿದರೆ ಅವನು ನಕ್ಕಿದ್ದೇ ನಕ್ಕಿದ್ದು. "ಸರ್ಕಾರದ ವೆಬ್‌ಸೈಟು ಯಾರಿಗೆ ಓಟು ಹಾಕಬೇಕು ಅಂತ ಹೇಳುತ್ತಾ? ಚೆನ್ನಾಗಿದೆ ಕಣೇ!" ಅಂದ. ಅನುಮಾನ ಬರುವುದು ಸಹಜ. ಆದರೆ ಇಲ್ಲಿಯ ಇತಿಹಾಸ ಬೇರೆ. ಒಂದು ಇಡೀ ದೇಶ ಹಿಟ್ಲರನ ಹಿಂದೆ ಹೋದ ಮೇಲೆ, ಜನರಿಗೆ ಪ್ರಜಾಪ್ರಭುತ್ವ ತಾನಾಗಿಯೇ ಬರುವುದಿಲ್ಲ, ಕಲಿಸಬೇಕಾಗುತ್ತದೆ ಅಂತ ಇವರಿಗೆ ಅರ್ಥವಾಯಿತು. ಬಿಪಿಬಿ ಹುಟ್ಟಿದ್ದು 1952ರಲ್ಲಿ. ಪುಸ್ತಕಗಳನ್ನು ತೀರಾ ಕಡಿಮೆ ಬೆಲೆಗೆ ಮಾರುತ್ತದೆ, ಶಾಲೆಗಳಿಗೆ ಪಾಠದ ಸಾಮಗ್ರಿ ಕೊಡುತ್ತದೆ. ಮತ್ತೆ ಮುಖ್ಯವಾದ ಮಾತು: ಸೈಟು ತನ್ನ ಬಾಯಲ್ಲೇ "ಇದು ಯಾರಿಗೆ ಓಟು ಹಾಕಿ ಅನ್ನುವ ಸಲಹೆಯಲ್ಲ" ಅಂತ ಹೇಳಿಕೊಳ್ಳುತ್ತದೆ. ಪಕ್ಷಗಳ ಉತ್ತರವನ್ನು ಸರ್ಕಾರ ಬರೆಯುವುದಿಲ್ಲ, ಪಕ್ಷಗಳೇ ಬರೆದು ಕಳಿಸುತ್ತವೆ.

ಐಡಿಯಾ ಜರ್ಮನಿಯದ್ದಲ್ಲ, ನೆದರ್ಲೆಂಡ್ಸ್‌ನದ್ದು. ಅಲ್ಲಿ ಸ್ಟೆಮ್‌ವೈಜರ್ ಅಂತ 1989ರಲ್ಲಿ ಶುರು ಮಾಡಿದರು, ಆಗ ಕಾಗದದ ಪುಸ್ತಿಕೆ ಮತ್ತು ಫ್ಲಾಪಿ. 1998ರಲ್ಲಿ ಇಂಟರ್ನೆಟ್ಟಿಗೆ ಬಂತು. ಜರ್ಮನಿಯವರು 2002ರ ಸಂಸತ್ ಚುನಾವಣೆಗೆ ಅದನ್ನು ತಂದರು. 2021ರ ಚುನಾವಣೆಯಲ್ಲಿ ಇದನ್ನು 2 ಕೋಟಿ 10 ಲಕ್ಷಕ್ಕೂ ಹೆಚ್ಚು ಸಲ ಆಡಿದ್ದಾರೆ. 2025ರ ಫೆಬ್ರವರಿ ಚುನಾವಣೆಯಲ್ಲಿ ಅದು 2 ಕೋಟಿ 60 ಲಕ್ಷ ದಾಟಿತು. ಒಬ್ಬರೇ ಎರಡು ಮೂರು ಸಲ ಆಡುವುದೂ ಉಂಟು, ಹಾಗಾಗಿ ಅಷ್ಟು ಜನ ಅಂತಲ್ಲ. ಆದರೂ ಓಟಿನ ಹಕ್ಕಿರುವವರೇ ಸುಮಾರು 6 ಕೋಟಿ ಇರುವ ದೇಶದಲ್ಲಿ ಇದು ಸಣ್ಣ ವಿಷಯವಲ್ಲ.

ನನಗೆ ಇದರಲ್ಲಿ ನಿಜಕ್ಕೂ ಇಷ್ಟವಾದದ್ದು ಪ್ರಶ್ನೆಗಳನ್ನು ಮಾಡುವ ರೀತಿ. 38 ಹೇಳಿಕೆಗಳನ್ನು ಯಾರೋ ಪ್ರೊಫೆಸರ್ ಒಬ್ಬರೇ ಕೂತು ಬರೆಯುವುದಿಲ್ಲ. 26 ವರ್ಷದೊಳಗಿನ ಹುಡುಗ ಹುಡುಗಿಯರಿಂದ ಅರ್ಜಿ ಕರೆಯುತ್ತಾರೆ, ಮೊದಲ ಸಲ ಓಟು ಹಾಕುವವರೂ ಅದರಲ್ಲಿ ಇರುತ್ತಾರೆ. ಅವರ ಜೊತೆಗೆ ರಾಜ್ಯಶಾಸ್ತ್ರ ಓದಿಕೊಂಡವರು, ಪತ್ರಕರ್ತರು, ಶಿಕ್ಷಣದವರು ಕೂರುತ್ತಾರೆ. ಎಲ್ಲ ಪಕ್ಷಗಳ ಪ್ರಣಾಳಿಕೆ ಮುಂದಿಟ್ಟುಕೊಂಡು ಗುಂಪು ಮಾಡಿಕೊಂಡು ಓದುತ್ತಾರೆ. ಮನೆ ಬಾಡಿಗೆ ಒಂದು ಗುಂಪಿಗೆ, ಪರಿಸರ ಒಂದಕ್ಕೆ, ಶಾಲೆ ಒಂದಕ್ಕೆ, ಹೀಗೆ. ಒಂದು ಹೇಳಿಕೆ ಬರೆಯುವುದು ಸುಲಭ ಅನ್ನಿಸುತ್ತದೆ ಅಲ್ವಾ? ನೀವೇ ಪ್ರಯತ್ನಿಸಿ ನೋಡಿ. ಒಂದೇ ವಾಕ್ಯ ಇರಬೇಕು. ಅದರಲ್ಲಿ ಎರಡು ವಿಷಯ ಇರಬಾರದು. ಹತ್ತನೇ ಕ್ಲಾಸಿನವರಿಗೂ ಅರ್ಥವಾಗಬೇಕು. ಯಾವ ಪಕ್ಷದ ವಾಸನೆಯೂ ಬರಬಾರದು. ಹೌದು ಅಥವಾ ಇಲ್ಲ ಅಂತ ಉತ್ತರಿಸುವ ಹಾಗಿರಬೇಕು. "ಶಿಕ್ಷಣ ಸುಧಾರಿಸಬೇಕು" ಅಂತ ಬರೆದರೆ ಎಲ್ಲ ಪಕ್ಷಗಳೂ ಹೌದು ಹೌದು ಅನ್ನುತ್ತವೆ, ಕೆಲಸಕ್ಕೆ ಬಾರದು. 2025ರಲ್ಲಿ ಇದ್ದ ಒಂದನ್ನು ನೋಡಿ: "ಕನಿಷ್ಠ ವೇತನವನ್ನು ತಡವಾದರೂ 2026ರೊಳಗೆ 15 ಯೂರೋಗೆ ಏರಿಸಬೇಕು." ಗಂಟೆಗೆ ಎಷ್ಟು ಅನ್ನುವ ಮೊತ್ತ ಇದೆ, ವರ್ಷ ಇದೆ, ಜಾರಿಕೊಳ್ಳಲು ಜಾಗ ಇಲ್ಲ.

ಹೀಗೆ ಬೇಕಾದದ್ದಕ್ಕಿಂತ ಜಾಸ್ತಿಯೇ ಹೇಳಿಕೆ ತಯಾರಿಸಿ ಎಲ್ಲ ಪಕ್ಷಗಳಿಗೂ ಕಳಿಸುತ್ತಾರೆ. ಉತ್ತರಗಳು ಬಂದ ಮೇಲೆ ಮತ್ತೆ ಕೂತು ಆರಿಸುತ್ತಾರೆ. ಎಲ್ಲರೂ ಒಂದೇ ಉತ್ತರ ಕೊಟ್ಟಿದ್ದರೆ ಅದನ್ನು ಕಿತ್ತುಹಾಕುತ್ತಾರೆ, ಯಾಕಂದರೆ ಅದರಿಂದ ಪಕ್ಷಗಳ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೊನೆಗೆ ಉಳಿಯುವುದು 38.

ಇಲ್ಲಿ ಏನಾಗುತ್ತಿದೆ ಗಮನಿಸಿ. 19 ವರ್ಷದ ಹುಡುಗಿ ಒಂದು ವಾಕ್ಯ ಬರೆಯುತ್ತಾಳೆ, ದೇಶ ಆಳುವ ಪಕ್ಷದ ಮುಖ್ಯ ಕಚೇರಿ ಅದಕ್ಕೆ ಕೂತು ಉತ್ತರ ಬರೆಯಬೇಕು, ತಪ್ಪಿಸಿಕೊಂಡರೆ ಕೋಟಿಗಟ್ಟಲೆ ಸಲ ತೆರೆದುಕೊಳ್ಳುವ ಆ ಪಟ್ಟಿಯಲ್ಲಿ ಆ ಪಕ್ಷವೇ ಇರುವುದಿಲ್ಲ. ಯುವಜನರನ್ನು ರಾಜಕೀಯದಲ್ಲಿ ತೊಡಗಿಸಿಕೊಳ್ಳುತ್ತೇವೆ ಅಂತ ಯುರೋಪಿನಲ್ಲಿ ಸಮಾವೇಶಗಳು ಬೇಕಾದಷ್ಟು ನಡೆಯುತ್ತವೆ. ಎರಡು ವರ್ಷಕ್ಕೊಮ್ಮೆ ಸ್ಟ್ರಾಸ್‌ಬೂರ್ಗ್‌ನ ಯುರೋಪಿಯನ್ ಪಾರ್ಲಿಮೆಂಟಿಗೇ ಸಾವಿರಾರು ಹುಡುಗರನ್ನು ಕರೆದು ಮಾತಾಡಿಸುತ್ತಾರೆ. ಚೆನ್ನಾಗಿಯೇ ಇರುತ್ತದೆ, ಫೋಟೋ ಕೂಡ ಚೆನ್ನಾಗಿ ಬರುತ್ತವೆ. ಆದರೆ ಅಲ್ಲಿ ಹುಡುಗರು ಸಲಹೆ ಕೊಡುತ್ತಾರೆ, ದೊಡ್ಡವರು ತಲೆದೂಗುತ್ತಾರೆ. ಇಲ್ಲಿ ಹುಡುಗರು ಪ್ರಶ್ನೆಪತ್ರಿಕೆ ತೆಗೆಯುತ್ತಾರೆ, ದೊಡ್ಡವರು ಪರೀಕ್ಷೆ ಬರೆಯುತ್ತಾರೆ. ನನ್ನ ಲೆಕ್ಕದಲ್ಲಿ ಎರಡನೆಯದ್ದೇ ಮೇಲು.

ಈಗ ಬಳಸುವವರಿಗೆ ಒಂದು ಮುಖ್ಯ ವಿಷಯ. ಹೆಚ್ಚಿನವರು ಇಲ್ಲೇ ಎಡವುತ್ತಾರೆ. ತಟಸ್ಥ ಅನ್ನುವ ಬಟನ್ನೂ ಬಿಟ್ಟು ಮುಂದೆ ಹೋಗುವ ಬಟನ್ನೂ ಒಂದೇ ಅಲ್ಲ. ಲೆಕ್ಕ ಹೀಗಿದೆ: ನಿಮ್ಮ ಉತ್ತರವೂ ಪಕ್ಷದ ಉತ್ತರವೂ ಒಂದೇ ಆದರೆ 2 ಪಾಯಿಂಟ್. ಒಬ್ಬರು ತಟಸ್ಥ, ಇನ್ನೊಬ್ಬರು ಹೌದು ಅಥವಾ ಇಲ್ಲ ಅಂದಿದ್ದರೆ 1. ಪೂರ್ತಿ ಉಲ್ಟಾ ಆದರೆ 0. ಹಾಗಾದರೆ ಒಬ್ಬ ಮನುಷ್ಯ ಸುಮ್ನೆ 38ಕ್ಕೂ ತಟಸ್ಥ ಅಂತ ಒತ್ತಿದ ಅಂತಿಟ್ಟುಕೊಳ್ಳಿ. ಅವನಿಗೆ ಪ್ರತಿಯೊಂದು ಪಕ್ಷದ ಜೊತೆಗೂ ಕಡಿಮೆ ಅಂದರೆ 50 ಪರ್ಸೆಂಟ್ ಹೊಂದಾಣಿಕೆ ಬರುತ್ತದೆ! ಕಮ್ಯುನಿಸ್ಟರ ಜೊತೆಗೂ 50, ಕಟ್ಟಾ ಬಲಪಂಥದವರ ಜೊತೆಗೂ 50. ಏನೂ ಹೇಳದವನು ಎಲ್ಲರಿಗೂ ಅರ್ಧ ಗೆಳೆಯ. ಹಾಗಾಗಿ ವಿಷಯವೇ ಗೊತ್ತಿಲ್ಲದಿದ್ದರೆ ತಟಸ್ಥ ಒತ್ತಬೇಡಿ, ಬಿಟ್ಟು ಮುಂದೆ ಹೋಗಿ, ಆಗ ಆ ಹೇಳಿಕೆ ಲೆಕ್ಕದಿಂದಲೇ ಹೊರಗೆ ಉಳಿಯುತ್ತದೆ. ತಟಸ್ಥ ಅನ್ನುವುದು ಯೋಚಿಸಿ ನಡುವೆ ನಿಂತವರಿಗೆ.

ಇನ್ನೊಂದು ಲೆಕ್ಕ. ಒಟ್ಟು 38 ಹೇಳಿಕೆ, ಅಂದರೆ ಗರಿಷ್ಠ 76 ಪಾಯಿಂಟ್. ಒಂದೇ ಒಂದು ಉತ್ತರ ಹೌದಿನಿಂದ ಇಲ್ಲಕ್ಕೆ ಬದಲಾದರೆ ಸುಮಾರು 2.6 ಪರ್ಸೆಂಟ್ ಅತ್ತಿತ್ತ ಆಗುತ್ತದೆ. ಅಂದಮೇಲೆ "ನನಗೆ ಗ್ರೀನ್ಸ್ 71, ಎಸ್‌ಪಿಡಿ 69" (ಒಂದು ಪರಿಸರದ ಪಕ್ಷ, ಇನ್ನೊಂದು ಮಧ್ಯ-ಎಡ ಪಕ್ಷ) ಅಂತ ತಲೆ ಕೆಡಿಸಿಕೊಳ್ಳುವುದಕ್ಕೆ ಅರ್ಥವಿಲ್ಲ. ಅದು ಒಂದು ಪ್ರಶ್ನೆಯಷ್ಟೂ ವ್ಯತ್ಯಾಸ ಅಲ್ಲ. ಮುಗಿಯುವ ಮುಂಚೆ ಒಂದು ಪುಟ ಬರುತ್ತದೆ, ನಿಮಗೆ ಮುಖ್ಯ ಅನ್ನಿಸಿದ ಹೇಳಿಕೆಗಳಿಗೆ ಗುರುತು ಹಾಕಿದರೆ ಅವಕ್ಕೆ ಎರಡು ಪಟ್ಟು ತೂಕ ಕೊಡುತ್ತದೆ. ಇದನ್ನು ಅವಸರದಲ್ಲಿ ದಾಟಿ ಹೋಗುವವರೇ ಜಾಸ್ತಿ. ದಾಟಬೇಡಿ. ಇಲ್ಲದಿದ್ದರೆ ನಿಮ್ಮ ಬಾಡಿಗೆ ಮನೆಯ ಪ್ರಶ್ನೆಗೂ ಸಂವಿಧಾನದ ಮುನ್ನುಡಿಯಲ್ಲಿ ದೇವರ ಹೆಸರು ಇರಬೇಕಾ ಅನ್ನುವ ಪ್ರಶ್ನೆಗೂ (ನಿಜವಾಗಿ ಇತ್ತು, 2025ರಲ್ಲಿ) ಒಂದೇ ತೂಕ ಸಿಗುತ್ತದೆ.

ನನ್ನ ಅಕ್ಕನ ಮಗಳು ಇಲ್ಲೇ ಹುಟ್ಟಿದವಳು, ಜರ್ಮನ್ ಪೌರತ್ವ ಇದೆ. ಅವಳ ಜೊತೆ ಕೂತು ಆಡಿದ್ದರಿಂದಲೇ ನನಗೆ ಇದರ ನಿಜವಾದ ಬೆಲೆ ತಿಳಿದದ್ದು. ಅವಳದ್ದು ವಿಚಿತ್ರ ಪರಿಸ್ಥಿತಿ. 2024ರ ಜೂನ್ 9ಕ್ಕೆ ಯುರೋಪಿಯನ್ ಪಾರ್ಲಿಮೆಂಟ್ ಚುನಾವಣೆ ನಡೆಯಿತು, ಜರ್ಮನಿಯಲ್ಲಿ ಅದಕ್ಕೆ ಮೊದಲ ಸಲ 16 ತುಂಬಿದವರಿಗೂ ಓಟು ಕೊಟ್ಟರು. ಅವಳು ಹೋಗಿ ಹಾಕಿದಳು. ಒಂದು ಮೊಳಕ್ಕಿಂತ ಉದ್ದದ ಮತಪತ್ರ, ಅದರಲ್ಲಿ 34 ಪಕ್ಷ. ಆಸ್ಟ್ರಿಯಾದಲ್ಲಿ 2007ರಿಂದಲೇ ಎಲ್ಲ ಚುನಾವಣೆಗೂ 16, ಮಾಲ್ಟಾದಲ್ಲಿ 2018ರಿಂದ, ಬೆಲ್ಜಿಯಂ ಕೂಡ 2024ರ ಯುರೋಪ್ ಚುನಾವಣೆಗೆ 16 ಮಾಡಿತ್ತು, ಗ್ರೀಸ್‌ನಲ್ಲಿ 17. ಸರಿ, ಇವಳು ಯುರೋಪಿಗೆ ಓಟು ಹಾಕಿದಳು. ಎಂಟೇ ತಿಂಗಳಲ್ಲಿ, 2025ರ ಫೆಬ್ರವರಿ 23ಕ್ಕೆ ಜರ್ಮನಿಯದ್ದೇ ಚುನಾವಣೆ ಬಂತು. ಅದಕ್ಕೆ 18 ಬೇಕು. ಇವಳಿಗೆ ಇಲ್ಲ. "ಚಿಕ್ಕಮ್ಮ, 27 ದೇಶದ ವಿಷಯ ಹೇಳೋಕೆ ನಾನು ದೊಡ್ಡವಳು, ನಮ್ಮ ಊರಿನ ರೈಲಿನ ವಿಷಯ ಹೇಳೋಕೆ ಚಿಕ್ಕವಳಾ?" ಅಂತ ಕೇಳಿದಳು. ನಾನೇನು ಹೇಳಲಿ. ನಮ್ಮಲ್ಲಿ 21 ಇದ್ದದ್ದು 18ಕ್ಕೆ ಇಳಿದದ್ದೇ 61ನೇ ತಿದ್ದುಪಡಿಯಲ್ಲಿ, 1989ಕ್ಕೆ ಜಾರಿಯಾಯಿತು ಅಂತ ಹೇಳಿ ಮಾತು ತಿರುಗಿಸಿದೆ.

ಓಟಿಲ್ಲದಿದ್ದರೂ ಅವಳು ವಾಲ್-ಓ-ಮಾಟ್ ಆಡಿದಳು. ಇಲ್ಲಿ ಶಾಲೆಗಳಲ್ಲಿ ಯೂನಿಯರ್‌ವಾಲ್ ಅಂತ ಅಣಕು ಚುನಾವಣೆ ನಡೆಸುತ್ತಾರೆ, 1999ರಿಂದ ಇದೆ. ಅದಲ್ಲದೆ 18 ತುಂಬದವರಿಗೆ ನಿಜವಾದ ಚುನಾವಣೆಗೆ ಒಂಬತ್ತು ದಿನ ಮುಂಚೆ ನಡೆಯುವ ಯು18 ಅಂತ ಬೇರೆ ಇದೆ, ಅದು 1996ರಲ್ಲಿ ಬರ್ಲಿನ್‌ನಲ್ಲಿ ಶುರುವಾದದ್ದು. 2025ರ ಯು18ನಲ್ಲಿ ಮೊದಲು ಬಂದದ್ದು ಎಡಪಕ್ಷ ಡೀ ಲಿಂಕೆ. ಸುಮ್ನೆ ಆಟ ಅಂತ ದೊಡ್ಡವರು ನಕ್ಕರೆ, ಒಂಬತ್ತು ದಿನ ಕಳೆದ ಮೇಲೆ ನಿಜವಾದ ಚುನಾವಣೆಯಲ್ಲೂ 18ರಿಂದ 24ರ ವಯಸ್ಸಿನವರಲ್ಲಿ ಅದೇ ಪಕ್ಷ ಮೊದಲು ಬಂತು, ಅದರ ಹಿಂದೆಯೇ ಬಲಪಂಥದ ಎಎಫ್‌ಡಿ. ನಡುವಿನ ಪಕ್ಷಗಳೆಲ್ಲ ಹಿಂದೆ ಬಿದ್ದವು.

ಅವಳಿಗೆ ಪರ್ಸೆಂಟೇಜ್ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದು ಗೆಳತಿಯರಿಗೆ ಕಳಿಸಿ ಮುಚ್ಚಲು ಹೊರಟಿದ್ದಳು. ನಿಲ್ಲು ಅಂದೆ. ಆ ಪುಟದ ಕೆಳಗೆ ಹೋದರೆ ಒಂದೊಂದು ಹೇಳಿಕೆಗೂ ಒಂದೊಂದು ಪಕ್ಷವೂ ಯಾಕೆ ಹಾಗೆ ಹೇಳಿದೆ ಅಂತ ಅವರದ್ದೇ ಮಾತಿನಲ್ಲಿ ಬರೆದಿರುತ್ತಾರೆ. ನನ್ನ ಕೇಳಿದರೆ ವಾಲ್-ಓ-ಮಾಟ್ ಅಂದರೆ ಈ ಪುಟವೇ. ಮೇಲಿನ ಬಣ್ಣದ ಪಟ್ಟಿಗಳು ಬರೀ ಕರೆಯೋಲೆ. "ಯುವಕ ಯುವತಿಯರಿಗೆ ಒಂದು ವರ್ಷ ಸಮಾಜ ಸೇವೆ ಕಡ್ಡಾಯ ಮಾಡಬೇಕು" ಅನ್ನುವ ಹೇಳಿಕೆ 2025ರಲ್ಲಿ ಇತ್ತು. ಅದು ನೇರವಾಗಿ ಇವಳ ತಲೆ ಮೇಲೆ ಬರುವ ವಿಷಯ. ಅವಳು ಇಲ್ಲ ಅಂತ ಒತ್ತಿದ್ದಳು. ಹೌದು ಅಂದ ಪಕ್ಷಗಳ ಕಾರಣವನ್ನೂ ಇಲ್ಲ ಅಂದವರದ್ದನ್ನೂ ಒಂದರ ಕೆಳಗೊಂದು ಓದಿದಳು. ಇಲ್ಲ ಅಂದವರಲ್ಲೂ ಎಲ್ಲರದ್ದೂ ಒಂದೇ ಕಾರಣವಲ್ಲ ಅಂತ ಅವಳಿಗೇ ಹೊಳೆಯಿತು. ಕೆಲವರಿಗೆ ಕಡ್ಡಾಯ ಅನ್ನುವುದೇ ಆಗದು, ಇನ್ನು ಕೆಲವರಿಗೆ ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ಕಡಿಮೆ ಸಂಬಳದ ಕೈಗಳಾಗಿ ಹುಡುಗರನ್ನು ಬಳಸಿಕೊಳ್ಳುತ್ತಾರೆ ಅನ್ನುವ ಚಿಂತೆ. ಉತ್ತರ ಒಂದೇ, ಹಿಂದಿನ ಯೋಚನೆ ಬೇರೆ ಬೇರೆ. ಡೀ ಪಾರ್ಟೈ ಅಂತ ಒಂದು ತಮಾಷೆ ಪಕ್ಷ ಇದೆ, ಅವರು ಇಲ್ಲೂ ಜೋಕು ಹೊಡೆದು ಉತ್ತರ ಬರೆಯುತ್ತಾರೆ. ಅದನ್ನು ಓದಿ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಗಬೇಡಿ, ಅವರೂ 2024ರಲ್ಲಿ ಯುರೋಪಿಯನ್ ಪಾರ್ಲಿಮೆಂಟಿಗೆ ಇಬ್ಬರನ್ನು ಕಳಿಸಿದ್ದಾರೆ. ಆ ಚುನಾವಣೆಗೆ ಜರ್ಮನಿಯಲ್ಲಿ ಕನಿಷ್ಠ ಇಷ್ಟು ಪರ್ಸೆಂಟ್ ಬೇಕು ಅನ್ನುವ ಮಿತಿ ಇಲ್ಲ, ಸಂವಿಧಾನ ನ್ಯಾಯಾಲಯ ಮೊದಲು 5 ಪರ್ಸೆಂಟ್ ಮಿತಿಯನ್ನೂ ಆಮೇಲೆ 3 ಪರ್ಸೆಂಟ್ ಮಿತಿಯನ್ನೂ ತೆಗೆದುಹಾಕಿತು.

ಸಣ್ಣ ಪಕ್ಷಗಳ ಮಾತು ಬಂದದ್ದರಿಂದ ವೋಲ್ಟ್ ಕಥೆ ಹೇಳಲೇಬೇಕು. ಬ್ರಿಟನ್ನಿನವರು ಬ್ರೆಕ್ಸಿಟ್‌ಗೆ ಓಟು ಹಾಕಿದ ಮೇಲೆ 2017ರಲ್ಲಿ ಇಟಲಿ, ಫ್ರಾನ್ಸ್, ಜರ್ಮನಿಯ ಮೂವರು ಯುವಕ ಯುವತಿಯರು ಸೇರಿ ಕಟ್ಟಿದ ಪಕ್ಷ ಅದು, ಇಡೀ ಯುರೋಪಿಗೆ ಒಂದೇ ಪಕ್ಷ ಅನ್ನುವುದು ಅವರ ಹಂಬಲ. 2019ರ ಯುರೋಪ್ ಚುನಾವಣೆ ಹೊತ್ತಿಗೆ ವಾಲ್-ಓ-ಮಾಟ್‌ನಲ್ಲಿ ಒಂದು ಮಿತಿ ಇತ್ತು. ಕೊನೆಯಲ್ಲಿ ಎಂಟು ಪಕ್ಷಗಳನ್ನು ಮಾತ್ರ ಆರಿಸಿ ಹೋಲಿಸಬಹುದಿತ್ತು. ಜನ ಏನು ಮಾಡುತ್ತಾರೆ? ಗೊತ್ತಿರುವ ದೊಡ್ಡ ಪಕ್ಷಗಳಿಗೆ ಟಿಕ್ ಹಾಕುತ್ತಾರೆ. ಹೆಸರೇ ಕೇಳದ ಪಕ್ಷ ನಿಮಗೆ ಎಲ್ಲಕ್ಕಿಂತ ಹತ್ತಿರ ಇದ್ದರೂ ಅದು ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ವೋಲ್ಟ್ ಕೋರ್ಟಿಗೆ ಹೋಯಿತು. ಮೇ 26ಕ್ಕೆ ಮತದಾನ, ಮೇ 20ಕ್ಕೆ ಕಲೋನ್‌ನ ಆಡಳಿತ ನ್ಯಾಯಾಲಯ ವೋಲ್ಟ್ ಪರವಾಗಿ ಹೇಳಿತು. ಚುನಾವಣೆಗೆ ಒಂದು ವಾರ ಇದೆ ಅನ್ನುವಾಗ ಸೈಟೇ ಬಂದ್. ಆಮೇಲೆ ಎರಡೂ ಕಡೆಯವರು ಕೂತು ರಾಜಿ ಮಾಡಿಕೊಂಡು ಮತ್ತೆ ತೆರೆದರು. ಈಗ ಎಲ್ಲ ಪಕ್ಷಗಳನ್ನೂ ಒಟ್ಟಿಗೆ ಹೋಲಿಸಬಹುದು. ನಾವು ಇವತ್ತು ಆರಾಮವಾಗಿ ಬಳಸುವ ಒಂದು ಬಟನ್ನಿನ ಹಿಂದೆ ಒಂದು ಕೋರ್ಟು ಕೇಸ್ ಇದೆ. ವೋಲ್ಟ್ ಆ ಸಲ ಒಂದು ಸೀಟು ಗೆದ್ದಿತು, 2024ರಲ್ಲಿ ಜರ್ಮನಿಯಿಂದಲೇ ಮೂರು.

ಕಂಪ್ಯೂಟರ್ ಬೇಡ ಅನ್ನುವವರಿಗೆ ಅಂಟಿಸುವ ವಾಲ್-ಓ-ಮಾಟ್ ಕೂಡ ಇದೆ. ಊರಿನ ಚೌಕದಲ್ಲಿ ದೊಡ್ಡ ದೊಡ್ಡ ಫಲಕ ನಿಲ್ಲಿಸಿ, ಮೇಲೆ ಹೇಳಿಕೆ ಬರೆದು, ಕೈಗೆ ಸ್ಟಿಕ್ಕರ್ ಕೊಡುತ್ತಾರೆ. ಹೌದು ಇಲ್ಲ ನೋಡಿ ಅಂಟಿಸಬೇಕು. ಬಸ್ಸಿಗೆ ಕಾಯುತ್ತಿದ್ದ ಶಾಲೆ ಹುಡುಗರು, ತರಕಾರಿ ಚೀಲ ಹಿಡಿದ ಅಜ್ಜಿ, ಯಾರು ಬೇಕಾದರೂ. ಫೋನಿನಲ್ಲಿ ಒಬ್ಬರೇ ಒತ್ತುವುದಕ್ಕೂ ಇದಕ್ಕೂ ತುಂಬ ವ್ಯತ್ಯಾಸ. ಪಕ್ಕದಲ್ಲಿ ನಿಂತವನು ಎಲ್ಲಿ ಅಂಟಿಸಿದ ಅಂತ ಕಾಣುತ್ತದೆ, "ಯಾಕೆ ಅಲ್ಲಿ?" ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ. ಹೆದ್ದಾರಿಯ ವೇಗದ ಮಿತಿಯಂಥ ವಿಷಯ ಬಂದರೆ ಜರ್ಮನ್ ಗಂಡಸರ ಜೊತೆ ವಾದ ಮಾಡಲು ಹೋಗಬೇಡಿ, ಬಸ್ಸು ತಪ್ಪುತ್ತದೆ.

ಇದಕ್ಕೆ ಬದಲಿ ಏನಿದೆ ಅಂತ ಕೇಳುವವರಿಗೆ ಬೇಗ ಬೇಗ ಹೇಳಿಬಿಡುತ್ತೇನೆ. ವಾಲ್‌ಸ್ವೈಪರ್ ಅಂತ ಇದೆ, ಬಲಕ್ಕೆ ಎಡಕ್ಕೆ ತಳ್ಳುವುದು, ಜೋಡಿ ಹುಡುಕುವ ಆ್ಯಪ್ ಇದ್ದಹಾಗೆ. ಅವಸರದವರಿಗೆ ಸರಿ. ಯುರೋಪ್ ಚುನಾವಣೆಗೆ ಫ್ಲಾರೆನ್ಸ್‌ನ ಯುರೋಪಿಯನ್ ಯೂನಿವರ್ಸಿಟಿ ಇನ್‌ಸ್ಟಿಟ್ಯೂಟ್ ಮಾಡುವ ಇಯು ಆ್ಯಂಡ್ ಐ ಚೆನ್ನಾಗಿದೆ. 2009ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿತ್ತು. ಬೇರೆ ಬೇರೆ ಭಾಷೆಗಳಲ್ಲಿ ಸಿಗುತ್ತದೆ, ನಿಮ್ಮ ಯೋಚನೆಗೆ ಪೋರ್ಚುಗಲ್‌ನಲ್ಲೋ ಫಿನ್‌ಲೆಂಡ್‌ನಲ್ಲೋ ಯಾವ ಪಕ್ಷ ಹತ್ತಿರ ಅಂತಲೂ ತೋರಿಸುತ್ತದೆ. ಆದರೆ ಅಲ್ಲಿ ಪ್ರಶ್ನೆ ತೆಗೆಯುವವರು ವಿದ್ವಾಂಸರು. ಓದುವಾಗಲೇ ಗೊತ್ತಾಗುತ್ತದೆ. ನನಗೆ ತೀರಾ ಇಷ್ಟವಾದದ್ದು 2025ರಲ್ಲಿ ಫ್ರಾಗ್ ಡೆನ್ ಸ್ಟಾಟ್ ಅನ್ನುವ ಸಂಸ್ಥೆ ತಂದ ರಿಯಲ್-ಓ-ಮಾಟ್. ಪಕ್ಷಗಳು ಏನು ಮಾಡುತ್ತೇವೆ ಅನ್ನುತ್ತವೆ ಅನ್ನುವುದನ್ನು ಬಿಟ್ಟು, ಸಂಸತ್ತಿನಲ್ಲಿ ನಿಜವಾಗಿ ಹೇಗೆ ಓಟು ಹಾಕಿದವು ಅನ್ನುವುದರ ಜೊತೆ ನಿಮ್ಮ ಉತ್ತರ ಹೋಲಿಸುತ್ತದೆ. ಎರಡನ್ನೂ ಆಡಿ ನೋಡಿ. ಫಲಿತಾಂಶ ಬೇರೆ ಬೇರೆ ಬಂದರೆ ಆಶ್ಚರ್ಯ ಪಡಬೇಡಿ. ಹೊಸ ಪಕ್ಷ, ಸಂಸತ್ತಿನ ಹೊರಗಿರುವ ಪಕ್ಷಗಳಿಗೆ ಅದು ಉಪಯೋಗವಿಲ್ಲ, ಅದೊಂದು ಕೊರತೆ.

ಕೊರತೆ ಅಂದಾಗ ವಾಲ್-ಓ-ಮಾಟ್‌ನದ್ದೂ ಹೇಳಬೇಕು. ಇದನ್ನು ಆಡುವವರು ಹೆಚ್ಚಾಗಿ ಓದಿಕೊಂಡವರು, ರಾಜಕೀಯದಲ್ಲಿ ಮೊದಲೇ ಆಸಕ್ತಿ ಇರುವವರು. ಅಧ್ಯಯನ ಮಾಡಿದವರೂ ಇದನ್ನೇ ಹೇಳುತ್ತಾರೆ. ರಾಜಕೀಯ ಅಂದರೆ ಮೂಗು ಮುರಿಯುವ ಹುಡುಗ ಈ ಸೈಟಿಗೆ ಬರುವುದೇ ಇಲ್ಲ, ಅವನು ಟಿಕ್‌ಟಾಕ್‌ನಲ್ಲಿ ಇರುತ್ತಾನೆ, ಅಲ್ಲಿ ಎಎಫ್‌ಡಿ ಎಲ್ಲರಿಗಿಂತ ಮುಂಚೆಯೇ ಅಂಗಡಿ ತೆರೆದು ಕೂತಿದೆ. 2019ರ ಯುರೋಪ್ ಚುನಾವಣೆಯಲ್ಲಿ 25ರೊಳಗಿನವರಲ್ಲಿ ಗ್ರೀನ್ಸ್‌ಗೆ 34 ಪರ್ಸೆಂಟ್ ಇತ್ತು, 2024ರಲ್ಲಿ 11ಕ್ಕೆ ಇಳಿಯಿತು, ಎಎಫ್‌ಡಿ 16ಕ್ಕೆ ಏರಿತು. ಅದಕ್ಕೆ ಬಾಡಿಗೆ, ಯುದ್ಧ, ಬೆಲೆಯೇರಿಕೆ ಎಲ್ಲ ಕಾರಣ, ಟಿಕ್‌ಟಾಕ್ ಒಂದೇ ಅಲ್ಲ. ಆದರೂ 38 ವಾಕ್ಯ ಓದುವ ತಾಳ್ಮೆ ಇರುವವರಿಗೇ ಈ ಸೇವೆ ಸಿಗುತ್ತದೆ ಅನ್ನುವುದು ನಿಜ.

ನಮ್ಮಂಥವರ ವಿಷಯಕ್ಕೆ ಬರೋಣ. ನನಗೆ ಇಲ್ಲಿ ಓಟಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸಂಸತ್ತಿಗಿರಲಿ, ಊರಿನ ನಗರಸಭೆಗೂ ಇಲ್ಲ. ಯುರೋಪಿಯನ್ ಒಕ್ಕೂಟದ ಬೇರೆ ದೇಶದವರಿಗೆ ನಗರಸಭೆಗೆ ಇದೆ, ನಮಗೆ ಇಲ್ಲ. ತೆರಿಗೆ ಮಾತ್ರ ಎಲ್ಲರಿಗೂ ಸಮ. ಹಾಗಿದ್ದರೂ ಆಡಿದೆ, ಯಾಕಂದರೆ 2025ರ ಪಟ್ಟಿಯಲ್ಲಿ ನಾನೇ ಒಂದು ಹೇಳಿಕೆಯಾಗಿದ್ದೆ. ಜರ್ಮನ್ ಪೌರತ್ವದ ಜೊತೆ ಇನ್ನೊಂದು ದೇಶದ ಪೌರತ್ವ ಇಟ್ಟುಕೊಳ್ಳಲು ಬಿಡಬೇಕಾ ಅನ್ನುವುದು ಒಂದು. 2024ರ ಜೂನ್‌ನಿಂದ ಜರ್ಮನಿ ಬಿಡುತ್ತಿದೆ. ನಮ್ಮ ದೇಶವೇ ಬಿಡುವುದಿಲ್ಲ, ಹಾಗಾಗಿ ನಮಗೆ ಅದು ಊಟಕ್ಕಿಲ್ಲದ ಉಪ್ಪಿನಕಾಯಿ. ಆದರೂ ಆ ಹೇಳಿಕೆಗೆ ಪಕ್ಷಗಳು ಬರೆದ ಕಾರಣಗಳನ್ನು ಓದಿದರೆ ಹೊರಗಿನಿಂದ ಬಂದವರನ್ನು ಯಾರು ಕೆಲಸಕ್ಕೆ ಬೇಕಾದ ಕೈ ಅಂತ ನೋಡುತ್ತಾರೆ, ಯಾರು ನೆರೆಮನೆಯವರು ಅಂತ ನೋಡುತ್ತಾರೆ ಅನ್ನುವುದು ಸಾಲುಸಾಲಾಗಿ ಕಾಣುತ್ತದೆ. ಭಾಷೆ ಕಲಿಯುತ್ತಿರುವವರಿಗೆ ಇನ್ನೊಂದು ಲಾಭ. ಹೇಳಿಕೆಗಳ ಜರ್ಮನ್ ಸರಳವಾಗಿದೆ, ಮಧ್ಯಮ ಮಟ್ಟದ ಭಾಷಾ ಪರೀಕ್ಷೆ ಪಾಸಾದವರಿಗೆ ಆರಾಮಾಗಿ ಅರ್ಥವಾಗುತ್ತದೆ. ಪೇಪರ್ ಓದುವುದಕ್ಕಿಂತ ಸುಲಭ.

ಈಗ ಕಟ್ ಆದ ಸ್ಟಾರ್. ವಾಲ್-ಓ-ಮಾಟ್ ಪಕ್ಷಗಳನ್ನು ಉತ್ತರ ಬರೆಯುವ ತನಕ ಎಳೆದು ತರುತ್ತದೆ, ಅಲ್ಲಿಗೆ ಕೈಬಿಡುತ್ತದೆ. 2021ರ ಪಟ್ಟಿ ತೆಗೆದು ನೋಡಿ. ಮೊದಲನೇ ಹೇಳಿಕೆ, ಎಲ್ಲ ಹೆದ್ದಾರಿಗಳಲ್ಲೂ ವೇಗದ ಮಿತಿ ಇರಬೇಕು. ಎಸ್‌ಪಿಡಿ ಮತ್ತು ಗ್ರೀನ್ಸ್ ಹೌದು ಅಂದಿದ್ದರು. ಗೆದ್ದು ಉದಾರವಾದಿ ಪಕ್ಷ ಎಫ್‌ಡಿಪಿ ಜೊತೆ ಸರ್ಕಾರ ಮಾಡಿದರು, ಒಪ್ಪಂದದಲ್ಲಿ ವೇಗದ ಮಿತಿ ಇಲ್ಲ ಅಂತ ಬರೆದು ಸಹಿ ಹಾಕಿದರು. ಮೂರನೇ ಹೇಳಿಕೆ, ಸಂಸತ್ ಚುನಾವಣೆಗೂ 16ಕ್ಕೆ ಓಟು ಕೊಡಬೇಕು. ಸರ್ಕಾರ ಮಾಡಿದ ಮೂರೂ ಪಕ್ಷಗಳು ಹೌದು ಅಂದಿದ್ದವು. ಯುರೋಪ್ ಚುನಾವಣೆಗೆ ಮಾಡಿದರು, ಅದಕ್ಕೆ ಸಾಮಾನ್ಯ ಬಹುಮತ ಸಾಕಿತ್ತು. ಸಂಸತ್ತಿಗೆ ಆಗಲಿಲ್ಲ, ಸಂವಿಧಾನದ 38ನೇ ವಿಧಿಯಲ್ಲೇ 18 ಅಂತ ಇದೆ, ಮೂರನೇ ಎರಡು ಭಾಗದ ಬಹುಮತ ಬೇಕು, ಅದಕ್ಕೆ ಆಗ ವಿರೋಧಪಕ್ಷವಾಗಿದ್ದ ಸಿಡಿಯು ಒಪ್ಪಬೇಕು, ಅವರು ಬೇಡ ಅಂದಿದ್ದರು. ಇನ್ನು 2025ರ 15 ಯೂರೋ ವೇತನ? ಎಸ್‌ಪಿಡಿ ಹೌದು ಅಂದಿತ್ತು, ಸರ್ಕಾರದಲ್ಲಿ ಸೇರಿಕೊಂಡಿತು. ವೇತನ ಆಯೋಗ ಹೇಳಿದ್ದು 2026ಕ್ಕೆ 13.90 ಯೂರೋ. ಮಿತ್ರಪಕ್ಷ ಕೇಳಲಿಲ್ಲ, ಬಹುಮತ ಸಿಗಲಿಲ್ಲ, ಕೆಲವಕ್ಕೆ ನ್ಯಾಯವಾದ ಕಾರಣ ಇದ್ದೇ ಇದೆ. ಆದರೆ ಆ ಕಾರಣವನ್ನು 18 ವರ್ಷದವರಿಗೆ ಅದೇ ಸೈಟಿನಲ್ಲಿ ಯಾರೂ ಹೇಳುವುದಿಲ್ಲ. ಹೌದು ಅಂದಿರಲ್ಲ, ಏನಾಯ್ತು ಅಂತ ಕೇಳುವ ಪುಟ ಒಂದಿರಬೇಕಿತ್ತು. ಪ್ರಶ್ನೆ ಬರೆದ ಅದೇ ಹುಡುಗರನ್ನು ಎರಡು ವರ್ಷ ಬಿಟ್ಟು ಮತ್ತೆ ಕರೆಸಿ, ಅದೇ ಪಕ್ಷಗಳಿಂದ ಉತ್ತರ ಬರೆಸಬೇಕು. ಅದಾದ ದಿನ ಐದನೇ ಸ್ಟಾರ್ ಕೊಡುತ್ತೇನೆ.

ಅಲ್ಲಿಯವರೆಗೆ ಆ ಕೆಲಸ ನೀವೇ ಮಾಡಿಕೊಳ್ಳಬಹುದು. 2002ರಿಂದ ಇಲ್ಲಿಯ ತನಕದ ಹಳೆಯ ವಾಲ್-ಓ-ಮಾಟ್‌ಗಳನ್ನು ಬಿಪಿಬಿ ಸೈಟಿನಲ್ಲಿ ತೆಗೆದಿಟ್ಟಿದ್ದಾರೆ, ಪಕ್ಷಗಳ ಉತ್ತರ, ಕಾರಣ ಎಲ್ಲ ಹಾಗೇ ಇದೆ. ನಿಮ್ಮ ರಾಜ್ಯದ ಚುನಾವಣೆ ಹತ್ತಿರ ಬಂದಾಗ ಮೊದಲು ಕಳೆದ ಸಲದ್ದನ್ನು ತೆರೆಯಿರಿ, ಈಗ ಆಳುತ್ತಿರುವ ಪಕ್ಷವನ್ನು ಆರಿಸಿ, ಅದು ಹೌದು ಅಂದದ್ದಕ್ಕೆಲ್ಲ ಏನಾಯಿತು ಅಂತ ಮಕ್ಕಳ ಜೊತೆ ಕೂತು ನೋಡಿ. ಆಮೇಲೆ ಹೊಸದನ್ನು ಆಡಿ.